ಹಾರ್ನಿನಲ್ಲಿ ಕೂಗಿದ್ದು ನೀವಲ್ಲ, ವಿಶಾಲಕ್ಕ

ಆ ಧ್ವನಿ ನನ್ನದು, ವಿಶಾಲಕ್ಕ.

ತೊಂಬತ್ತಾರರ ದೀಪಾವಳಿಗೆ ಮುಂಚೆ ಹರಿಹರದ ನಿಮ್ಮ ಬೀದಿಯಲ್ಲಿ, ಜಾಹೀರಾತಿನ ಆಟೋದ ತಲೆಗೆ ಕಟ್ಟಿದ ಲೌಡ್‌ಸ್ಪೀಕರ್ ಹಾರ್ನಿನಿಂದ ‘ರೀ, ಈ ಸಲ ರೇಷ್ಮೆ ಸೀರೆ ಕೊಡಿಸ್ಲಿಲ್ಲ ಅಂದ್ರೆ ಹಬ್ಬಕ್ಕೆ ಒಲೆ ಹಚ್ಚಲ್ಲ ನೋಡ್ರಿ’ ಎಂದು ಕೂಗಿದ್ದು ನೀವಲ್ಲ — ನಾನು. ಹಳೆಯ ಕ್ಯಾಸೆಟ್ ಕತ್ತರಿಸಿ ಜೋಡಿಸಿದ್ದೂ ಅಲ್ಲ. ಹಾಗೆ ಜೋಡಿಸಿದ್ದಾರೆ ಎಂಬುದು ನಾನು ಆಮೇಲೆ ನಿಮ್ಮ ಮುಖ ನೋಡಿಕೊಂಡು ಹೇಳಿದ ಸುಳ್ಳು. ಮೀಸೆ ಬಿಟ್ಟಿದ್ದ, ಬುದ್ಧಿ ಬರದಿದ್ದ ಈ ಮಂಜ ಮೈಕಿನ ಮುಂದೆ ನಿಂತು, ಇಲ್ಲದ ಸೆರಗನ್ನು ಸರಿಮಾಡಿಕೊಂಡು — ಮೈಕಿಗೆ ಸೆರಗು ಕಾಣುತ್ತದೆಯೇ? ಸುತ್ತ ನಿಂತು ನಗುವವರಿಗೆ ಕಾಣಬೇಕಿತ್ತಲ್ಲ — ನಿಮ್ಮ ಧ್ವನಿಯನ್ನು ಕದ್ದು ಕೂಗಿದ್ದು.

ಮೂರು ವರ್ಷವಾಯಿತು. ಇದನ್ನು ನಿಮ್ಮೊಬ್ಬರಿಗೇ ಗುಟ್ಟಾಗಿ ಹೇಳಿ ಮುಗಿಸಬಹುದಿತ್ತು. ಆದರೆ ಸುಳ್ಳನ್ನು ಊರಿಗೆಲ್ಲ ಕೇಳುವ ಹಾಗೆ ಹಾರ್ನಿನಲ್ಲಿ ಕೂಗಿ, ನಿಜವನ್ನು ಮಾತ್ರ ಕಿವಿಯಲ್ಲಿ ಪಿಸುಗುಟ್ಟುವುದು — ಅದು ಇನ್ನೊಂದು ಕಳ್ಳತನ. ಹಾಗಾಗಿ ಪೇಪರಿನಲ್ಲೇ ಹಾಕಿಸುತ್ತಿದ್ದೇನೆ, ಎಲ್ಲರೂ ಓದಲಿ. ನಿಮಗೆ ಗೊತ್ತಿರುವುದನ್ನೂ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೆ ಒಂದು ಕೋಣೆ. ಕಿಟಕಿಗೆ ಗೋಣಿಚೀಲ, ಗೋಡೆಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳು. ಅದೇ ನಮ್ಮ ರೆಕಾರ್ಡಿಂಗ್ ಸ್ಟುಡಿಯೋ. ಕೆಳಗೆ ಡಾಕ್ಟರು ಹಲ್ಲು ಕೊರೆಯುವ ಯಂತ್ರ ಶುರು ಮಾಡಿದರೆ ಮೇಲೆ ನಮ್ಮ ರೆಕಾರ್ಡಿಂಗ್ ಬಂದ್. ಯಜಮಾನರು ಶೇಖರಪ್ಪ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಹೋಟೆಲಿನವರನ್ನು ಹಿಡಿದು ತರುವುದು ಅವರ ಕೆಲಸ. ಆ ಅಂಗಡಿಗಳ ಪರವಾಗಿ ಕೂಗುವುದು ನಮ್ಮದು. ಒಂದು ಕಡೆ ಅಂಗಡಿಯವರ ದುಡ್ಡು, ಇನ್ನೊಂದು ಕಡೆ ನಮ್ಮ ಗಂಟಲು, ನಡುವೆ ಅವರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು — ಈ ಕಡೆಯದು ಆ ಕಡೆಗೆ ಗೊತ್ತಾಗದ ಹಾಗೆ.

ನಾನು ಮಿಮಿಕ್ರಿಯವನು. ಕಂಡಕ್ಟರನ ಸೀಟಿ, ಬೆಣ್ಣೆ ದೋಸೆ ಹೋಟೆಲಿನ ಸಪ್ಲೈಯರನ ಕೂಗು, ನಮ್ಮಪ್ಪನ ಗೊರಕೆ — ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ, ಹುಡುಗಿಯರ ಮುಂದೆ ನಾನು ತೊದಲುವುದನ್ನು ನನ್ನಷ್ಟು ಚೆನ್ನಾಗಿ ಯಾರೂ ಮಾಡಿ ತೋರಿಸಲಾರರು.

ನೀವು ಬೆಳಿಗ್ಗೆ ಮನೆಗೆಲಸ ಮುಗಿಸಿ ಹರಿಹರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದಿರಿ. ಫ್ಲಾಸ್ಕಿನ ಬಿಸಿನೀರು ಒಂದು ಗುಟುಕು, ಸಣ್ಣದೊಂದು ಕೆಮ್ಮು, ಆಮೇಲೆ ಶುರು. ಕಾಗದದಲ್ಲಿ ಬರೆದದ್ದನ್ನು ನೀವು ಓದುತ್ತಿರಲಿಲ್ಲ, ಪಕ್ಕದ ಮನೆಯವಳ ಜೊತೆ ಮಾತಾಡಿದ ಹಾಗೆ ಹೇಳುತ್ತಿದ್ದಿರಿ. ನಮ್ಮಿಬ್ಬರ ಗಂಡ-ಹೆಂಡತಿ ಜಗಳದ ಜಾಹೀರಾತು ಎಸ್.ಎಸ್. ಬಡಾವಣೆಯಿಂದ ಹಿಡಿದು ಹರಿಹರದ ಸೇತುವೆಯವರೆಗೆ ಓಡುತ್ತಿತ್ತು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗದ್ದುಗೆಗೆ ಹೋಗುವ ಜನ ಬಸ್ಸಿನ ಕಿಟಕಿಯಿಂದ ತಲೆ ಹಾಕಿ ಕೇಳುತ್ತಿದ್ದರು. ಅಂಗಡಿಯವರು ‘ಆ ಅಕ್ಕನ ದನಿನೇ ಬೇಕ್ರಿ’ ಅನ್ನುತ್ತಿದ್ದರು. ‘ಆ ಹುಡುಗನ ದನಿ ಬೇಕು’ ಅಂದವರು ಒಬ್ಬರೂ ಇಲ್ಲ. ಯಾಕೆಂದರೆ ಹತ್ತು ಮಾತಿನಲ್ಲಿ ಎಂಟು ನಿಮ್ಮವು, ನನ್ನದು ‘ಏನೇ?’, ‘ಹೂಂ’, ಕೊನೆಗೊಂದು ‘ಆತು ಮಾರಾಯ್ತಿ, ನಡಿ’.

ಆ ‘ಹೂಂ’ಗೆ ನನಗೆ ಸಿಗುತ್ತಿದ್ದದ್ದು ನಿಮ್ಮ ಎರಡರಷ್ಟು.

ನನಗೆ ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದೂ ನನ್ನ ಜಂಬದಿಂದಲೇ. ಹೊಸ ಅಂಗಿ ಹಾಕಿಕೊಂಡು ಎಲ್ಲರಿಗೂ ಮಿರ್ಚಿ ಮಂಡಕ್ಕಿ ಕೊಡಿಸಿದ ದಿನ ‘ಬರ್ರಿ ಬರ್ರಿ, ಸಾಹುಕಾರ ಕರೀತಾನೆ’ ಎಂದು ಹಾರಾಡುತ್ತ ನನಗೆ ಎಷ್ಟು ಬಂತು ಎಂದು ಬಾಯಿ ಬಿಟ್ಟೆ. ನೀವು ಕೈಯಲ್ಲಿದ್ದ ಮಂಡಕ್ಕಿಯನ್ನು ಮತ್ತೆ ಪೊಟ್ಟಣಕ್ಕೆ ಸುರಿದಿರಿ. ಸೀದಾ ಶೇಖರಪ್ಪನವರ ಟೇಬಲ್ಲಿಗೆ ಹೋದಿರಿ.

“ಅಣ್ಣಾರೆ, ಇಬ್ರೂ ಕೂಗೋದು ಒಂದೇ ಹಾರ್ನಿನಾಗೆ ಅಲ್ವೇನ್ರಿ? ಅವನಿಗೆ ಅಷ್ಟು, ನಂಗೆ ಇಷ್ಟು ಯಾಕ?”

“ಅಯ್ಯೋ ತಂಗಿ, ನಿಮ್ ಯಜಮಾನ್ರು ದುಡೀತಾರಲ್ಲ. ಇದೇನು ನಿಮಗೆ ಕೈಖರ್ಚಿಗಾತು. ಮಂಜ ಗಂಡ್ಮಗ. ನಾಳೆ ಮನಿ ನಡಸೋನು.”

ಮನೆ ನಡೆಸೋನು! ಆಗ ನನ್ನ ಮನೆ ನಡೆಸುತ್ತಿದ್ದವರು ನಮ್ಮಪ್ಪ. ನಾನು ನಡೆಸುತ್ತಿದ್ದದ್ದು ಸ್ನೇಹಿತನ ಮೋಟಾರ್ ಬೈಕು, ಅದೂ ಅವನ ಪೆಟ್ರೋಲಿನಲ್ಲಿ. ನಿಮ್ಮ ಯಜಮಾನರ ಲೇತ್ ವರ್ಕ್‌ಶಾಪಿನಲ್ಲಿ ವಾರಕ್ಕೆ ಮೂರು ದಿನ ಕೆಲಸವಿದ್ದರೆ ಹೆಚ್ಚು. ಮಕ್ಕಳ ಸ್ಕೂಲ್ ಫೀಜು, ಅತ್ತೆಯ ಔಷಧಿ ಎಲ್ಲ ನಿಮ್ಮ ಆ ‘ಕೈಖರ್ಚಿ’ನಲ್ಲೇ ನಡೆಯುತ್ತಿತ್ತು. ಅದು ಶೇಖರಪ್ಪನವರಿಗೂ ಗೊತ್ತು, ನನಗೂ ಗೊತ್ತು. ಆದರೂ ಆ ಮಾತಿಗೆ ಕೋಣೆಯಲ್ಲಿದ್ದವರೆಲ್ಲ ತಲೆ ಆಡಿಸಿದೆವು. ಈಗ ನೆನೆದರೆ ಮೈ ಉರಿಯುತ್ತದೆ — ಅವರ ಮೇಲೆ, ಆ ತಲೆಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಹಲ್ಲು ಕಿರಿದುಕೊಂಡು ಆಡಿಸಿದ ನನ್ನ ತಲೆಯ ಮೇಲೆ.

ನೀವು ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಹೇಳಿದಿರಿ. “ಮಂಜ, ದೀಪಾವಳಿ ಹತ್ರ ಬಂತು. ಅಂಗಡಿಯವ್ರು ಅಣ್ಣಾರ ತಲೆ ಮೇಲೆ ಕುಂತಾರೆ. ನಾನು ಸೋಮವಾರ ಬರಲ್ಲ. ನೀನೂ ಬರಬ್ಯಾಡ. ಇಬ್ರೂ ಬರ್ಲಿಲ್ಲ ಅಂದ್ರೆ ಸಮಾ ಕೊಡ್ಲೇಬೇಕು. ನಿಂದು ಕಡಿಮಿ ಮಾಡ್ರಿ ಅಂತ ನಾನು ಕೇಳಲ್ಲಪ್ಪ. ನಂದೂ ಅಷ್ಟೇ ಮಾಡ್ಲಿ.”

“ಆತಕ್ಕ” ಅಂದೆ. ಎದೆಯ ಮೇಲೆ ಕೈಯಿಟ್ಟು, ನಾಟಕದ ರಾಜನ ಹಾಗೆ, “ಈ ಮಂಜನ ಮಾತು!” ಅಂದೆ. ನೀವು ನಕ್ಕಿರಿ. ನಂಬಿ ನಕ್ಕಿರಿ.

ಸೋಮವಾರ ನಾನು ಹೋದೆ.

ಯಾಕೆ ಹೋದೆ ಎಂದು ನನ್ನನ್ನೇ ಬಹಳ ಸಲ ಕೇಳಿದ್ದೇನೆ. ಏನಾಗುತ್ತದೆ ನೋಡೋಣ ಎಂದು ಹೋದೆ. ಇಷ್ಟೇ. ಅಲ್ಲಿ ಶೇಖರಪ್ಪ ಬೆವರುತ್ತಿದ್ದರು. ಸಂಜೆಗೆ ಕ್ಯಾಸೆಟ್ ಆಟೋಗೆ ಹೋಗಬೇಕು, ‘ಆ ಅಕ್ಕ’ ಇಲ್ಲ. ನಾನು ಅವರನ್ನು ನಗಿಸಲು — ನಗಿಸುವುದೊಂದೇ ನನಗೆ ಬರುತ್ತಿದ್ದದ್ದು — ನಿಮ್ಮ ಕೆಮ್ಮು ಕೆಮ್ಮಿದೆ. ಫ್ಲಾಸ್ಕ್ ಎತ್ತುವ ಹಾಗೆ ಮಾಡಿದೆ. ಆಮೇಲೆ ನಿಮ್ಮ ಧ್ವನಿಯಲ್ಲಿ, ಕಣ್ಣು ಅರಳಿಸಿ, “ಅಣ್ಣಾರೆ, ಇಬ್ರೂ ಕೂಗೋದು ಒಂದೇ ಹಾರ್ನಿನಾಗೆ ಅಲ್ವೇನ್ರಿ?”

ಕೋಣೆ ಬಿದ್ದು ಬಿದ್ದು ನಕ್ಕಿತು. ನಿಮ್ಮ ನ್ಯಾಯದ ಮಾತನ್ನು ನಾನು ಜೋಕು ಮಾಡಿದೆ. ಶೇಖರಪ್ಪ ನಗುವುದನ್ನು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದರು.

“ಲೇ, ಇದೇ ದನಿಯಾಗೆ ಪೂರ್ತಿ ಹೇಳಕಾಗುತ್ತೇನೋ? ಇಲ್ಲ ಬಿಡು, ನಿನ್ ಕೈಲಿ ಆಗಲ್ಲ.”

ಅಷ್ಟೇ ಸಾಕಾಯಿತು. ನಿನ್ನ ಕೈಲಿ ಆಗಲ್ಲ ಅಂದರೆ ಮಿಮಿಕ್ರಿಯವನು ಸ್ವಂತ ತಾಯಿಯನ್ನೂ ಮಾರುತ್ತಾನೆ. ಕೆಳಗೆ ಹಲ್ಲಿನ ಯಂತ್ರ ನಿಲ್ಲುವುದನ್ನೇ ಕಾದು, ಎರಡೂ ಧ್ವನಿಯಲ್ಲಿ ನಾನೇ ಹೇಳಿ ಮುಗಿಸಿದೆ. ಅಂಗಡಿಯವರು ಬಂದು ಕೇಳಿ “ಆಯಮ್ಮ ಈ ಸಲ ಬಾಳ ಚಲೋ ಹೇಳ್ಯಾಳೆ” ಅಂದರು. ನಾವು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕೆವು.

ಸಂಜೆ ಲಕೋಟೆ ಕೊಟ್ಟರು. ಒಡೆದು ನೋಡಿದೆ. ಗಂಡನ ಪಾಲಿಗೆ ಎಂದಿನಷ್ಟು. ಹೆಂಡತಿಯ ಪಾಲಿಗೆ — ನಿಮಗೆ ಕೊಡುತ್ತಿದ್ದಷ್ಟೇ. ಗಂಡನದರ ಅರ್ಧ.

“ಅಣ್ಣ, ಇದು ಕಡಿಮಿ ಐತಲ್ಲ? ಎರಡೂ ನಂದೇ ಗಂಟಲು.”

“ಹೆಣ್ ದನಿಗೆ ಅಷ್ಟೇ ಕಣೋ ಕೊಡೋದು. ರೇಟು ರೇಟೇ.”

ನೋಡಿ, ಅಲ್ಲಿ ನನಗೆ ಸಿಟ್ಟು ಬಂತು! ಜೀವಮಾನದಲ್ಲಿ ಮೊದಲ ಸಲ ಈ ಅನ್ಯಾಯಕ್ಕೆ ಸಿಟ್ಟು ಬಂತು — ಅದು ನನ್ನ ಜೇಬಿಗೆ ಬಂದಾಗ. ಅದೇ ನಾಲಿಗೆ, ಅದೇ ಉಸಿರು, ಅದೇ ಮೀಸೆ. ‘ಏನೇ’ ಅಂದರೆ ಪೂರ್ತಿ ದುಡ್ಡು, ‘ಏನ್ರಿ’ ಅಂದರೆ ಅರ್ಧ. ಮನೆ ನಡೆಸುವ ಮಾತು, ಯಜಮಾನರು ದುಡಿಯುವ ಮಾತು ಎಲ್ಲ ಬರೀ ಬೂಟಾಟಿಕೆ. ಹೆಣ್ಣು ಅನ್ನಿಸಿಕೊಂಡರೆ ಸಾಕು, ಗಂಡಸಿನ ಬಾಯಿಂದ ಬಂದರೂ ಅದಕ್ಕೆ ಅರ್ಧವೇ. ನಿಮ್ಮ ಮಾತು ನಿಜ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿತ್ತೇ? ಅದು ನನ್ನ ಕೈಯಲ್ಲೇ ಇತ್ತು. ಆ ಲಕೋಟೆಯನ್ನು ಅವರ ಟೇಬಲ್ಲಿನ ಮೇಲೆ ಎಸೆದು ಸೀದಾ ಹರಿಹರದ ಬಸ್ಸು ಹತ್ತಬಹುದಿತ್ತು.

ಮಡಚಿ ಜೇಬಿಗಿಟ್ಟುಕೊಂಡೆ.

ನಾಲ್ಕೈದು ದಿನಕ್ಕೆ ನೀವು ಬಂದಿರಿ. ಒಳಗೆ ಬರಲಿಲ್ಲ, ಕ್ಲಿನಿಕ್ಕಿನ ಮುಂದೆ ಆಟೋಗಳ ಸಾಲಿನ ಹಿಂದೆ ನಿಂತು ನನ್ನನ್ನು ಕರೆಸಿದಿರಿ. ಮುಖ ಬಾಡಿತ್ತು. ನಿಮ್ಮ ಬೀದಿಗೆ ಆಟೋ ಬಂದಿತ್ತು. ‘ನಿನ್ ದನಿ ಬಂತು ನೋಡೆ’ ಎಂದು ಅಕ್ಕಪಕ್ಕದವರು ಖುಷಿಯಿಂದ ಕೂಗಿದರು. ಮನೆಯೊಳಗೆ ನಿಮ್ಮ ಯಜಮಾನರೂ ಇದ್ದರು.

“ಸಮಾ ಕೊಡೋ ತನಕ ಹೋಗಲ್ಲ ಅಂತ ಮನ್ಯಾಗೆ ಹೇಳಿದ್ದೆ ಮಂಜ. ಈಗ ನೋಡು, ಕದ್ದು ಹೋಗಿ ಬಂದಿದೀಯ, ದುಡ್ಡು ಎಲ್ಲಿಟ್ಟೆ ಅಂತಾರೆ. ಅತ್ತೆ ಮುಂದೆ ನನ್ನ ಟ್ರಂಕ್ ತೆಗ್ಸಿ ಹುಡುಕಿದ್ರು. ಅದು ನಾನಲ್ಲ ಅಂದ್ರೆ ನಂಬ್ತಿಲ್ಲ. ನಿಜ ಹೇಳು, ಅದು ನೀನೇನೋ? ನೀನಾಗಿದ್ರೆ ನಾನು ಬೈಯಲ್ಲ. ಮನಿಗೆ ಬಂದು ಅವ್ರಿಗೆ ಒಂದ್ ಮಾತು ಹೇಳಿ ಹೋಗು. ಸಾಕು.”

ಒಂದು ಮಾತು ಕೇಳಿದಿರಿ. ಬೈಯಲ್ಲ ಅಂದಿರಿ. ದಿನವಿಡೀ ನೂರು ಬಾಯಿಯಲ್ಲಿ ಮಾತಾಡುವ ನಾನು —

“ನಾನಲ್ಲಕ್ಕ. ಹಳೇ ಕ್ಯಾಸೆಟ್ ಕಟ್ ಮಾಡಿ ಜೋಡ್ಸ್ಯಾರೆ.”

ಅದನ್ನು ನಾನು ಯಾರ ಧ್ವನಿಯಲ್ಲೂ ಹೇಳಲಿಲ್ಲ. ನನ್ನದರಲ್ಲೇ ಹೇಳಿದೆ. ಆ ಸೀರೆ ಅಂಗಡಿ ಶುರುವಾದದ್ದೇ ಆ ವರ್ಷ; ಅದರ ಹೆಸರು ಹಳೆಯ ಕ್ಯಾಸೆಟ್ಟಿನಲ್ಲಿ ಹೇಗೆ ಬಂತು ಎಂದು ನಿಮ್ಮ ಯಜಮಾನರು ಕೇಳಿಯೇ ಕೇಳುತ್ತಾರೆ ಎಂಬುದು ಹೇಳುವಾಗಲೇ ಹೊಳೆಯಿತು. ಹೊಳೆದರೂ ನಿಮ್ಮನ್ನು ಆ ಸುಳ್ಳಿನ ಜೊತೆಗೇ ಬಸ್ಸು ಹತ್ತಿಸಿದೆ. ಒಪ್ಪಿಕೊಂಡಿದ್ದರೆ ನನಗೆ ಹೋಗುತ್ತಿದ್ದದ್ದಾದರೂ ಏನು? ನಿಮ್ಮ ಕಣ್ಣಲ್ಲಿ ಸಣ್ಣವನಾಗುತ್ತಿದ್ದೆ. ಅದನ್ನು ತಪ್ಪಿಸಿಕೊಳ್ಳಲು ನಿಮ್ಮನ್ನು ನಿಮ್ಮ ಮನೆಯಲ್ಲೇ ಕಳ್ಳಿ ಮಾಡಿದೆ.

ಆಮೇಲೆ ನೀವು ಬರಲೇ ಇಲ್ಲ. ಹರಿಹರದ ಅಂಗಡಿಯವರೊಬ್ಬರು ಒಮ್ಮೆ ಹೇಳಿದರು: ‘ಆಯಮ್ಮನ್ನ ಮನೆಯವ್ರು ಎಲ್ಲಿಗೂ ಕಳ್ಸಂಗಿಲ್ಲ. ಮನ್ಯಾಗೇ ಸೀರೆಗೆ ಫಾಲ್ಸ್ ಹೊಲಿತಾಳೆ.’ ನಿಮ್ಮ ಧ್ವನಿಯಲ್ಲಿ ನಾನು ಮಾರಿದ ಸೀರೆಗಳಿಗೇ ನೀವು ಅಂಚು ಹೊಲಿಯುತ್ತ ಕೂತಿರಿ. ಆಟೋ ನಿಮ್ಮ ಬೀದಿಗೆ ಬಂದಾಗ ಬಾಗಿಲು ಹಾಕಿಕೊಳ್ಳುತ್ತಿದ್ದಿರೋ ಏನೋ — ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಆ ಧ್ವನಿಯನ್ನು ಮಾತ್ರ ಮತ್ತೆ ಎರಡು ದೀಪಾವಳಿಗೆ ಕೂಗಿದೆ. ಅರ್ಧಕ್ಕೇ.

ಹೋದ ವಾರ ಒಬ್ಬ ಹೊಸ ಹುಡುಗಿ ಬಂದಳು. ಕಾಲೇಜು ಮುಗಿಸಿದವಳು, ಒಳ್ಳೆಯ ಕಂಠ. ತನಗೆಷ್ಟು, ಜೊತೆಯವನಿಗೆಷ್ಟು ಎಂದು ಮೊದಲೇ ಕೇಳಿದಳು. ಶೇಖರಪ್ಪ ನನ್ನ ಭುಜದ ಮೇಲೆ ಕೈಯಿಟ್ಟರು. “ಇಷ್ಟ ಇದ್ರೆ ಮಾಡಮ್ಮ, ಇಲ್ಲಂದ್ರೆ ಬಿಡು. ಹೆಣ್ ದನಿಗೇನು, ನಮ್ ಮಂಜ ಅದಾನೆ.”

ನಾನು ಕಲಾವಿದ ಅಂದುಕೊಂಡಿದ್ದೆ. ಅವತ್ತು ಗೊತ್ತಾಯಿತು, ನಾನು ಅವರ ಕೈಯಲ್ಲಿನ ಕೋಲು. ಇನ್ನು ಎಷ್ಟು ಹೆಣ್ಣುಮಕ್ಕಳಿಗೆ ತೋರಿಸುತ್ತಾರೋ.

“ಅಣ್ಣ, ಇನ್ ಮೇಲೆ ನಾನು ಹೆಣ್ ದನಿ ಮಾಡಂಗಿಲ್ಲ. ಆಯಮ್ಮಗೆ ನನ್ನಷ್ಟೇ ಕೊಡ್ರಿ. ಇಲ್ಲಂದ್ರೆ ನನ್ನನ್ನೂ ಬಿಟ್ಬಿಡ್ರಿ” ಅಂದೆ.

ಶೇಖರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮಸ್ತ್ ಐತಲೇ! ಯಾರ್ದೋ ಇದು ಮಿಮಿಕ್ರಿ?”

ನಾನು ಮೆಟ್ಟಿಲಿಳಿದು ಬಂದೆ. ಹಿಂದಿನಿಂದ ಇನ್ನೂ ನಗು ಕೇಳುತ್ತಿತ್ತು. ಅವರ ತಪ್ಪಲ್ಲ, ನನ್ನ ಸ್ವಂತ ಧ್ವನಿಯನ್ನು ಅವರು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಅದನ್ನು ಕೇಳಿದವರು ನೀವೊಬ್ಬರೇ — ಆಟೋಗಳ ಹಿಂದೆ, ‘ನಾನಲ್ಲಕ್ಕ’ ಅಂದಾಗ. ಇದನ್ನು ಬರೆದದ್ದು ನೀವು ಬೆನ್ನು ತಟ್ಟಲಿ ಎಂದಲ್ಲ. ಮೂರು ವರ್ಷ ತಡವಾಗಿ ಬಂದವನಿಗೆ ಯಾರೂ ಹಾರ ಹಾಕುವುದಿಲ್ಲ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನೀವು ಅವತ್ತು ಕೇಳಿದ ಒಂದು ಮಾತನ್ನು ನಿಮ್ಮ ಯಜಮಾನರ ಎದುರು, ಅತ್ತೆಯ ಎದುರು ಹೇಳುತ್ತೇನೆ. ಅವರು ನಂಬದಿದ್ದರೆ ನನ್ನ ಹತ್ತಿರ ಇರುವುದು ಒಂದೇ ಸಾಕ್ಷಿ, ಅದು ನನ್ನ ಗಂಟಲಿನಲ್ಲಿದೆ. ನಿಮ್ಮ ನಡುಮನೆಯಲ್ಲಿ ನಿಂತು, ನಿಮ್ಮ ಕಣ್ಣೆದುರಿಗೇ, ನಿಮ್ಮ ಧ್ವನಿಯಲ್ಲಿ ಆ ಸೀರೆಯ ಮಾತನ್ನು ಇನ್ನೊಮ್ಮೆ ಹೇಳಬೇಕಾದೀತು. ಯಾರೂ ನಗದ ಮಿಮಿಕ್ರಿ ಅದೊಂದೇ ಆಗುತ್ತದೆ.

ಆದರೆ ಆ ಧ್ವನಿ ನಿಮ್ಮದು. ಹಿಂದೆ ಕೇಳದೆ ತೆಗೆದುಕೊಂಡೆ. ಈ ಸಲ ಹೊಸ್ತಿಲ ಹೊರಗೇ ನಿಂತು ಮೊದಲು ಕೇಳುತ್ತೇನೆ, ಅಕ್ಕ. ನೀವು ಬ್ಯಾಡ ಅಂದರೆ ನನ್ನ ಧ್ವನಿಯಲ್ಲೇ ಹೇಳುತ್ತೇನೆ — ಅವರು ನಂಬುವವರೆಗೂ, ಅಲ್ಲೇ ನಿಂತು.