ಐದನೆಯ ಪಿನ್ನು

ಒಂದು ವ್ಯಂಗ್ಯಚಿತ್ರವನ್ನು ಗೋಡೆಗೇರಿಸಲು ನಾಲ್ಕು ಪಿನ್ನು ಸಾಕು. ಈ ಶಾಸ್ತ್ರದಲ್ಲಿ ನನ್ನನ್ನು ಮೀರಿದ ಪಂಡಿತ ಪರೇಲಿನಿಂದ ಕಾಂದಿವಲಿಯವರೆಗೆ ಹುಡುಕಿದರೂ ನಿಮಗೆ ಸಿಗುವುದಿಲ್ಲ. ದಾದರಿನ ನಮ್ಮ ಕನ್ನಡ ಸಂಘದ ಗೋಡೆಪತ್ರಿಕೆಗೆ ವಾರಕ್ಕೊಂದು ಚಿತ್ರ ಬರೆದು, ಪದಾಧಿಕಾರಿಗಳನ್ನೆಲ್ಲ ಸರದಿಯಂತೆ ಕೆಣಕಿ, ಅವರ ದುಡ್ಡಿನಲ್ಲೇ ಭಜಿ ತಿಂದು ಮುದುಕನಾದವನು ನಾನು. ಆ ಗೋಡೆಯ ಮುಂದೆ ಯಾರಾದರೂ ನಕ್ಕರೆ ಅದು ನನ್ನಿಂದಲೇ ಆಗಬೇಕು; ನನ್ನ ಸ್ಥಿರಾಸ್ತಿ ಇದೊಂದೇ.

ಮೊನ್ನೆ ಗಡಿಯಲ್ಲಿ ಗುಂಡು ಹಾರಿ, ಪತ್ರಿಕೆಗಳು ಇದನ್ನು ಬರೆಯಬಾರದು, ಅದನ್ನು ತೋರಿಸಬಾರದು ಎಂಬ ಮಾತು ಎದ್ದಾಗ ನಮ್ಮ ಅಧ್ಯಕ್ಷ ಶೆಟ್ಟರಿಗೂ ದೇಶರಕ್ಷಣೆಯ ಆವೇಶ ಬಂತು. ತಮ್ಮ ಉಡುಪಿ ಹೋಟೆಲಿನ ಗಲ್ಲಾದಿಂದಲೇ ಆಜ್ಞೆ ಹೊರಡಿಸಿದರು: "ಎಂತ ಮಾರಾಯ್ರೆ, ಗೋಡೆಪತ್ರಿಕೆಯೂ ಪ್ರೆಸ್ಸೇ ಅಲ್ವಾ? ನಮಗೂ ಒಬ್ಬ ಸೆನ್ಸಾರ್ ಬೇಕು." ನೇಮಕವಾದವರು ಧಾರವಾಡದ ಕುಲಕರ್ಣಿ, ಕಾರಣ ಬರೆದಿಡದೆ ಕಿಟಕಿಯನ್ನೂ ಮುಚ್ಚದ ನಿವೃತ್ತ ಗುಮಾಸ್ತರು.

ನಾನು ಬಿಡುತ್ತೇನೆಯೇ? ಆ ವಾರವೇ ಬರೆದೆ: ಅಧಿಕಾರಿಯ ಕತ್ತರಿಗೆ ಸಿಕ್ಕಿ ಜರಡಿಯಾದ ಪೇಪರಿನಲ್ಲಿ ಸ್ಟೇಷನ್ನಿನ ಹೊರಗೆ ಒಬ್ಬ ವಡಾಪಾವ್ ಕಟ್ಟಿ ಕೊಡುತ್ತಿದ್ದಾನೆ, ಚಟ್ನಿ ಸುದ್ದಿಯ ತೂತುಗಳಿಂದ ಇಳಿದು ಗಿರಾಕಿಯ ಬಿಳಿ ಅಂಗಿಯನ್ನು ಸೇರುತ್ತಿದೆ. ಕುಲಕರ್ಣಿ ಭೂತಗನ್ನಡಿ ಹಿಡಿದು ನೋಡಿದರು. ಚಟ್ನಿಯನ್ನು ಮುಟ್ಟಲಿಲ್ಲ. ಹಿಂದೆ ಮೂಲೆಯಲ್ಲಿದ್ದ ಟ್ರೇನಿನ ಮೇಲೆ ಕರಿಕಾಗದ ಇಟ್ಟು, ಐದನೆಯ ಪಿನ್ನು ಚುಚ್ಚಿ, ಬಿಳಿ ಶಾಯಿಯಲ್ಲಿ ದುಂಡಗೆ ಬರೆದರು: "ಇಲ್ಲಿ ಒಂದು ಲೋಕಲ್ ಇತ್ತು. ವೇಳೆಗೆ ಸರಿಯಾಗಿ ಬಂದಂತೆ ತೋರಿಸಿದ್ದರಿಂದ ಸುಳ್ಳುಸುದ್ದಿ ಎಂದು ಮುಚ್ಚಲಾಗಿದೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಚಟ್ನಿಗಲ್ಲ ಮಿತ್ರರೇ, ಅವರ ಕಾರಣಕ್ಕೆ! ಮುಂದಿನ ವಾರ ಬಾಯಿಗೆ ಬೀಗ ಜಡಿದುಕೊಂಡ ಸುದ್ದಿವಾಚಕನನ್ನು ಬರೆದರೆ, ಬೀಗದ ಮೇಲೆ ಕರಿಕಾಗದ: "ಯಾವ ಕಂಪನಿಯ ಬೀಗವೆಂದು ಶತ್ರುವಿಗೆ ತಿಳಿಯಬಾರದು." ಕನ್ನಡ ಓದಲು ಬಾರದ ಕಾಲೇಜು ಹುಡುಗಿಯೊಬ್ಬಳು ನನ್ನ ತೋಳನ್ನೇ ಜಗ್ಗಿದಳು: "ಅಂಕಲ್, ವೋ ಕಾಲಾವಾಲಾ ಪಢ್‌ಕೆ ಸುನಾವೊ ನಾ!" ಕರಿಕಾಗದದ ಮಾತನ್ನು ಓದಿ, ಹಿಂದಿಯಲ್ಲಿ ಹೇಳಿದೆ. ಅವಳು ನಕ್ಕಳು. ನನ್ನ ಆಸ್ತಿ ಕಣ್ಣೆದುರೇ ಪರಭಾರೆಯಾಯಿತು.

ಗಡಿ ಶಾಂತವಾಯಿತು, ಸೆನ್ಸಾರ್ ಹುದ್ದೆಯೂ ಹೋಯಿತು. ನನ್ನ ಚಿತ್ರ ಮತ್ತೆ ನಾಲ್ಕೇ ಪಿನ್ನಿನಲ್ಲಿ ಅಖಂಡವಾಗಿ ಮೆರೆಯಿತು. ಜನ ಬಂದರು, ಕರಿಕಾಗದ ಹುಡುಕಿದರು, ಸಿಗದೆ ಚಹಾ ಕುಡಿಯಲು ಹೋದರು. ಮಾನ ಬಿಟ್ಟು ಚಿತ್ರವನ್ನು ಕಿತ್ತು, ಸುರುಳಿ ಸುತ್ತಿ, ಕಾಂದಿವಲಿಯಲ್ಲಿದ್ದ ಕುಲಕರ್ಣಿಯವರ ಮನೆಗೆ ಒಯ್ದೆ.

"ಯುದ್ಧ ಮುಗೀತಲ್ರೀ, ಇನ್ನೇನ್ ಮುಚ್ಚೂದು?"

"ನಿಮ್ಮದು ಮುಗೀತು ಸ್ವಾಮಿ, ನನ್ನದಲ್ಲ. ಒಂದು ಮೂಗನ್ನಾದರೂ ಮುಚ್ಚಿ."

ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ವಿಷಾದದಿಂದ ಹಿಂತಿರುಗಿಸಿದರು: "ಬೇಜಾರ್ ಆಗಬ್ಯಾಡ್ರಿ. ಇದರಾಗ ಮುಚ್ಚೂವಂಥಾದ್ದು ಏನೂ ಇಲ್ರಿ."

ಯಾವ ಸರ್ಕಾರದ ಕತ್ತರಿಯೂ ವ್ಯಂಗ್ಯಚಿತ್ರಕಾರನನ್ನು ಇಷ್ಟು ಸ್ವಚ್ಛವಾಗಿ ಕತ್ತರಿಸಲಾರದು. ನಿಜ, ಅದು ಯಾರಿಗೂ ಚುಚ್ಚದ ಚಿತ್ರವಾಗಿತ್ತು. ಅಲ್ಲೇ ಹಾಳೆ ಮಗುಚಿ, ಅವರದೇ ಪೆನ್ನಿನಲ್ಲಿ ಬರೆದೆ: ಒಬ್ಬ ಮುದಿ ಚಿತ್ರಕಾರ ಸೆನ್ಸಾರಿನ ಪಾದ ಹಿಡಿದು ಕತ್ತರಿಯ ಭಿಕ್ಷೆ ಬೇಡುತ್ತಿದ್ದಾನೆ.

ಕುಲಕರ್ಣಿ ಭೂತಗನ್ನಡಿಗೆ ಕೈಚಾಚಿದರು. "ಈಗ ಬಂತ್ ನೋಡ್ರಿ ಕೆಲಸ!"

ಈ ವಾರ ಆ ಚಿತ್ರ ದಾದರಿನ ಗೋಡೆಯ ಮೇಲಿದೆ. ನಾಲ್ಕು ಪಿನ್ನು ನಾನು ಚುಚ್ಚಿದೆ. ಐದನೆಯದನ್ನು ನಾನೇ ಅವರ ಕೈಗಿಟ್ಟೆ. ನನ್ನ ಮುಖವಿದ್ದ ಜಾಗದಲ್ಲಿ ಈಗ ಕರಿಕಾಗದ: "ಇಲ್ಲಿ ಒಬ್ಬ ಮುದುಕ ಇದ್ದ. ನಿಜಕ್ಕಿಂತ ಚೆಲುವನಾಗಿ ಬರೆದುಕೊಂಡಿದ್ದರಿಂದ ಸುಳ್ಳುಸುದ್ದಿ ಎಂದು ಮುಚ್ಚಲಾಗಿದೆ."