ಟವರ್ ಅತ್ತೆಯ ಎರಡನೇ ಪ್ರಶ್ನೆ

ಸೇನೆಯ ಪೈಲಟ್ ತರಬೇತಿ ನೆಲೆಯೊಂದರಲ್ಲಿ, ಟವರಿನ ಗಾಜಿನ ಕೋಣೆಯಲ್ಲಿ ಕೂತು ವಿಮಾನಗಳಿಗೆ ಇಳಿಯಲು ಅಪ್ಪಣೆ ಕೊಡುವಾಕೆಗೆ ಹುಡುಗರು ಇಟ್ಟ ಹೆಸರು ಟವರ್ ಅತ್ತೆ. ಸುಮ್ಮಸುಮ್ಮನೆ ಇಟ್ಟದ್ದಲ್ಲ. ಹಾರುವಾಗ ಒಳಗೆ ಮಡಚಿದ ಚಕ್ರಗಳನ್ನು ಇಳಿಯುವ ಮುನ್ನ ಕೆಳಗೆ ಬಿಟ್ಟಿದ್ದೀರಾ ಎಂದು ಟವರಿನಿಂದ ಕೇಳುವುದು ವಾಡಿಕೆ. ಚಕ್ರಕ್ಕೊಂದರಂತೆ ಎದುರಿಗೆ ಹೊತ್ತುವ ದೀಪ ನೋಡಿ, ಬಿಟ್ಟಿದೆ, ಮೂರು ಹಸಿರು ದೀಪ ಎಂದು ಪೈಲಟ್ ಹೇಳಿದರೆ ಮುಗಿಯಿತು. ಅತ್ತೆಗೆ ಮುಗಿಯುತ್ತಿರಲಿಲ್ಲ. "ನೋಡಿ ಹೇಳಿದ್ಯಾ, ಬಾಯಿಪಾಠಾನಾ?" ಎಂದು ಇನ್ನೊಮ್ಮೆ ಕೇಳಲೇಬೇಕು. ಮನೆಯಲ್ಲೂ ಅದೇ ಕತೆ. ಗಂಡ ಪೇಪರಿನಿಂದ ತಲೆಯೆತ್ತದೆ ಗ್ಯಾಸ್ ಆಫ್ ಮಾಡಿದ್ದೇನೆ ಎಂದರೆ, ಪಾಪ, ಎದ್ದು ಹೋಗಿ ನೋಡಿಬಂದು ಮತ್ತೆ ಹೇಳಬೇಕು. ಹಾಗಂತ ಆಕೆಯದು ಬರೀ ಗೀಳೇನಲ್ಲ. ಚಕ್ರ ಬಿಡದೆಯೇ ಮೂರು ಹಸಿರು ಎಂದು ಒದರಿದ ಹತ್ತು ಮಂದಿಯನ್ನು ಇಪ್ಪತ್ತೆರಡು ವರ್ಷದಲ್ಲಿ ಹಿಡಿದಿದ್ದಳು.

ಹೊಸದಾಗಿ ಬಂದ ಮುಖ್ಯ ಬೋಧಕರಿಗೆ ಇದು ತಲೆನೋವಾಯಿತು. ರೇಡಿಯೋ ಏನು ಹರಟೆಕಟ್ಟೆಯೇ ಎಂದು ಸಿಡುಕಿ, ಒಂದು ವಿಮಾನಕ್ಕೆ ಒಂದೇ ಪ್ರಶ್ನೆ, ಎರಡನೆಯದು ಕೇಳಿದರೆ ದಾಖಲೆ ಕೋಣೆಗೆ ವರ್ಗ ಎಂದು ಆದೇಶ ಹೊರಡಿಸಿದರು. ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಫೈಲು ಕಾಯುವುದೆಂದರೆ ಅತ್ತೆಗೆ ಜೈಲೇ ಸೈ. ಬಾಯಿಗೆ ಬೀಗ ಹಾಕಿಕೊಂಡಳು. ದುರ್ಬೀನು ಮಾತ್ರ ಕೆಳಗಿಡಲಿಲ್ಲ.

ಗುರುವಾರ ಬೆಳಿಗ್ಗೆ ಬೋಧಕರೇ ಹಾರಿದರು, ಇಳಿಯುವುದು ಹೇಗೆಂದು ಹುಡುಗರಿಗೆ ತೋರಿಸಲು. ರನ್‌ವೇ ಪಕ್ಕ ಸ್ಪೀಕರಿಗೆ ಕಿವಿಗೊಟ್ಟು ನಿಂತವರಿಗೆ ಮೇಲಿನಿಂದಲೇ ಪಾಠ ಹೇಳುತ್ತ, ಮಾತಿನ ಭರದಲ್ಲಿ ಹಾಗೇ ಇಳಿಯಲು ತಿರುಗಿ ಬಂದರು. ಅತ್ತೆ ಒಂದು ಸಲ ಕೇಳಿದಳು. ಬಿಟ್ಟಿದೆ, ಮೂರು ಹಸಿರು ಎಂದು ಗತ್ತಿನ ಉತ್ತರ ಬಂತು. ದುರ್ಬೀನಿನಲ್ಲಿ ನೋಡಿದರೆ, ಅಯ್ಯೋ, ವಿಮಾನದ ಹೊಟ್ಟೆ ನುಣ್ಣಗಿದೆ, ಒಂದು ಚಕ್ರವೂ ಇಲ್ಲ.

"ಇಳೀಬೇಡಿ, ಮೇಲಕ್ಕೆ ಹೋಗಿ," ಎಂದಳು. ವಿಮಾನ ಗುಡುಗುತ್ತ ಮೇಲೇರಿತು. ಈಗೇನು ನಿಮ್ಮ ತಕರಾರು ಎಂದು ಬೋಧಕರು ಗದರಿದರು.

"ಎರಡನೇ ಸಲ ಕೇಳಬಾರ್ದು ಅಂತ ಆರ್ಡರ್ ಇದೆಯಲ್ಲ ಸರ್. ಅದಕ್ಕೇ ಕೇಳ್ತಿಲ್ಲ, ಹೇಳ್ತಿದೀನಿ. ಚಕ್ರ ಇಳಿದಿಲ್ಲ."

ಮೇಲೆ ವಿಮಾನದ ಹೊಟ್ಟೆಯಿಂದ ಮೂರು ಚಕ್ರ ಹೊರಬಂದವು. ನಗು ತಡೆಯಲಾರದೆ ಹುಡುಗರು ಬೇರೆ ಕಡೆ ಮುಖ ತಿರುಗಿಸಿ ನಿಂತರು.

ಅರ್ಧ ಗಂಟೆಯಲ್ಲಿ ಬೋಧಕರು ಏದುಸಿರು ಬಿಡುತ್ತ ಟವರಿನ ಮೆಟ್ಟಿಲು ಹತ್ತಿ ಬಂದರು. ದಾಖಲೆ ಕೋಣೆಯೇ ಗತಿ ಎಂದು ಅತ್ತೆ ಎದ್ದು ನಿಂತಳು. ಅವರು ಆದೇಶ ವಾಪಸ್ ಎಂದರು. ಮುಂದಿನ ತಿಂಗಳು ಬರುವ ಹೊಸ ತಂಡಕ್ಕೆ ಈ ಘಟನೆಯ ಪಾಠ ನೀವೇ ಮಾಡಿ ಎಂದೂ ಹೇಳಿದರು. ಬಾಗಿಲವರೆಗೆ ಹೋದವರು ನಿಂತು, ದನಿ ತಗ್ಗಿಸಿದರು.

"ನನ್ನ ಹೆಸರು ಮಾತ್ರ ಹೇಳೋದು ಬೇಡ."

"ಛೇ, ಹೇಳ್ತೀನಾ ಸರ್? ನಿಮ್ಮ ಥರಾ ಮಾತಾಡಿ ತೋರಿಸ್ತೀನಿ, ಅಷ್ಟೇ."