ಮೊಟ್ಟೆಯ ದಿನ ಕಾಡಿನ ಪಾಠ

ಗೌನಿಪಲ್ಲಿಯ ಆಚೆ, ಆಂಧ್ರದ ಗಡಿಗೆ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ನಾನು ಐದನೇ ತರಗತಿಯ ಟೀಚರ್ ಆಗಿದ್ದೆ. ಒಂದು ಸಲ ಅಮೆಜಾನ್ ಮಳೆಕಾಡಿನ ಒಂದು ಬುಡಕಟ್ಟಿನ ಜನರ ದಿನಚರಿಯನ್ನು ಮಕ್ಕಳಿಗೆ ಹೇಳಬೇಕಾಗಿ ಬಂತು. ನಾನು ಕಂಡ ದೊಡ್ಡ ಕಾಡೆಂದರೆ ಯಲ್ದೂರಿನ ಮಾವಿನ ತೋಪು. ಆದರೂ ನಿನ್ನೆ ತಾನೇ ಅಲ್ಲಿಂದ ಬಂದು ಬಸ್ಸಿಳಿದವಳ ಹಾಗೆ ಶುರುಮಾಡಿದೆ.

"ಅಲ್ಲಿ ಇಡೀ ಊರಿಗೆ ಒಂದೇ ದುಂಡು ಮನೆ. ಒಳಗೆ ಗೋಡೆ ಇಲ್ಲ. ಒಂದೊಂದು ಸಂಸಾರಕ್ಕೆ ಒಂದೊಂದು ಒಲೆ. ಎಲ್ಲರೂ ಜೋಲಿಯಲ್ಲಿ ಮಲಗ್ತಾರೆ."

"ಗೋಡೆ ಇಲ್ದಿದ್ರೆ ಜಗಳ ಎಲ್ಲಿ ಆಡ್ತಾರೆ ಮಿಸ್?" ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಅವಳ ಅಪ್ಪ, ಚಿಕ್ಕಪ್ಪ ಆಗತಾನೇ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡಿದ್ದರು.

"ಎಲ್ಲರ ಮುಂದೇನೇ."

"ಹಂಗಾದ್ರೆ ನಮ್ಮಂಗೇ ಬಿಡಿ."

ಆಮೇಲೆ ಬೇಟೆಯ ಮಾತು ಬಂತು. ಬೇಟೆಗಾರ ತಾನು ಹೊಡೆದದ್ದನ್ನು ತಾನು ತಿನ್ನುವುದಿಲ್ಲ, ಇತರರಿಗೆ ಹಂಚುತ್ತಾನೆ. ಇತರರು ತಂದದ್ದನ್ನು ತಿನ್ನುತ್ತಾನೆ ಎಂದೆ. ಒಬ್ಬರೂ ನಂಬಲಿಲ್ಲ. ಅಂದು ಬಿಸಿಯೂಟಕ್ಕೆ ಮೊಟ್ಟೆ ಕೊಡುವ ದಿನ. "ಇವತ್ತು ಯಾರೂ ತಮ್ಮ ಮೊಟ್ಟೆ ತಿನ್ನಬಾರದು, ಪಕ್ಕದವರಿಗೆ ಕೊಡಬೇಕು. ನೋಡೋಣ" ಎಂದೆ.

ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ನಮ್ಮ ಹೆಡ್ ಮೇಷ್ಟ್ರು ಬಾಳೆಹಣ್ಣಿನ ಪಂಕ್ತಿಯವರು. ಮೊಟ್ಟೆಯ ವಾಸನೆಗೇ ತಲೆನೋವೆಂದು ಮೂಗಿಗೆ ಕರ್ಚೀಫು ಹಿಡಿದು ವರಾಂಡದಲ್ಲಿ ಓಡಾಡುತ್ತಿದ್ದರು. ಊಟದ ಸಾಲಿನ ಕೊನೆಯಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದೆ ಕೂತಿದ್ದ ಆ ಗೋಡೆಯ ಹುಡುಗಿ ಎದ್ದು, ಸುಲಿದ ಮೊಟ್ಟೆಯನ್ನು ಅವರ ಮುಂದೆ ಹಿಡಿದಳು.

"ತಗೊಳ್ಳಿ ಸಾರ್. ಕಾಡಿನ ರೂಲು."

ನಾನು ತಡೆಯಲು ಎದ್ದೆ. ಮೇಷ್ಟ್ರು ಕರ್ಚೀಫು ಇಳಿಸಿದರು. ಗೇಟಿನ ಕಡೆ ಒಮ್ಮೆ ನೋಡಿದರು. "ಮಗು ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನೋದಕ್ಕಾಗುತ್ತಾ" ಎಂದು ಗೋಡೆಯ ಕಡೆ ತಿರುಗಿ, ಎರಡೇ ತುತ್ತಿಗೆ ಮುಗಿಸಿದರು. ತಲೆನೋವಿನ ಸುಳಿವೇ ಇರಲಿಲ್ಲ.

ಹುಡುಗಿ ಕದಲಲಿಲ್ಲ. "ನೀವೇನ್ ಕೊಡ್ತೀರ ಸಾರ್?"

ಮಕ್ಕಳೆಲ್ಲ ಊಟ ಬಿಟ್ಟು ನೋಡುತ್ತಿದ್ದರು. ಮೇಷ್ಟ್ರು ಆಫೀಸಿಗೆ ಹೋಗಿ ತಮ್ಮ ಊಟದ ಡಬ್ಬಿ ತಂದು ತೆರೆದರು. ಮೂರು ಹೋಳಿಗೆ ಇದ್ದವು. ಒಂದು ಕೊಡಲು ಹೊರಟವರು, ಹುಡುಗಿಯ ಮುಖ ನೋಡಿ ಎರಡು ಕೊಟ್ಟರು.

ಅಡುಗೆಯಕ್ಕ ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. "ಸಾರ್‌ಗೆ ಆಸೆ ಇತ್ತು ಕಣಮ್ಮ. ಮೊಟ್ಟೆ ಬೇಯ್ಸೋವಾಗೆಲ್ಲ ಬಾಗ್ಲಲ್ಲೇ ನಿಂತ್ಕಂತಿದ್ರು, ಬೆಂದೈತಾ ಬೆಂದೈತಾ ಅಂತ." ಮುಂದಿನ ಸಲದಿಂದ ಅವಳೇ ತನ್ನ ಮನೆಯ ನಾಟಿ ಕೋಳಿಯ ಮೊಟ್ಟೆಯೊಂದನ್ನು ತಂದು ಅವರಿಗಾಗಿ ಬೇಯಿಸತೊಡಗಿದಳು. ಅವರು ಅದನ್ನು ಅಕ್ಕಿ ಮೂಟೆಗಳ ಕೋಣೆಯಲ್ಲಿ ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಬರುತ್ತಿದ್ದರು. ಬದಲಿಗೆ ಅಡುಗೆಯಕ್ಕನಿಗೆ ಅವರ ಡಬ್ಬಿಯಿಂದ ಹೋಳಿಗೆ, ಕೋಡುಬಳೆ ಸಿಗುತ್ತಿತ್ತು. ಮೇಷ್ಟ್ರ ಮನೆಯವರಿಗೆ ಮಾತ್ರ ನಾವ್ಯಾರೂ ಹೇಳಲಿಲ್ಲ.

ಕಾಡಿನ ಪಾಠ ಮುಗಿಸಿ, ಸಹಿಗಾಗಿ ಅವರ ಮುಂದೆ ನನ್ನ ಪಾಠದ ಡೈರಿ ಇಟ್ಟೆ. ಅವರು ತುಂಬ ಹೊತ್ತು ಯೋಚಿಸಿ ಕೆಂಪು ಇಂಕಿನಲ್ಲಿ ಬರೆದರು: "ಪಾಠ ಚೆನ್ನಾಗಿ ನಡೆದಿದೆ. ಇನ್ನೂ ಒಂದು ತಿಂಗಳು ಮುಂದುವರಿಸಬಹುದು."